ಈ ಫೋಟೋ ತೆಗೆದವರು ಯಾರು, ಫಾದರ್?



ಜೂನ್ ತಿಂಗಳು ಬಂತೆಂದರೆ ಯೇಸುವಿನ ಪವಿತ್ರ ಹೃದಯದ ಚಿತ್ರವನ್ನು ಗೋಡೆಯಿಂದ ಇಳಿಸಿ, ಗಾಜು ಒರೆಸಿ, ಹೊಸ ಹಾರ ಹಾಕಿ ಮತ್ತೆ ಮೇಲೇರಿಸುವುದು ನಮ್ಮ ಮನೆಗಳ ರೂಢಿ. ಇಂಥದೇ ಒಂದು ಜೂನ್ ಭಾನುವಾರ, ಬಲಿಪೂಜೆಯ ನಂತರದ ಧರ್ಮೋಪದೇಶದ ತರಗತಿಯಲ್ಲಿ ಮೂರನೇ ಇಯತ್ತೆಯ ಹುಡುಗನೊಬ್ಬ ಎದ್ದು ನಿಂತು, "ಫಾದರ್, ಯೇಸುಸ್ವಾಮಿ ಫೋಟೋ ಯಾರು ತಗದಾರ್ರೀ?" ಎಂದು ಕೇಳಿದ. ಮಕ್ಕಳೆಲ್ಲ ನಕ್ಕರು. ಸಿಸ್ಟರ್ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಊಟಕ್ಕೆ ಕುಳಿತಾಗ ಆ ಪ್ರಶ್ನೆ ನಗುವಂಥದ್ದಲ್ಲ ಎನ್ನಿಸಿತು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ನಾವು ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದಕ್ಕೆಲ್ಲ ‘ಫೋಟೋ’ ಎನ್ನುತ್ತೇವೆ. ಎಲ್ಲಮ್ಮನ ಫೋಟೋ, ಬಸವಣ್ಣನವರ ಫೋಟೋ, ಚೆನ್ನಮ್ಮನ ಫೋಟೋ, ಹುಬ್ಬಳ್ಳಿ ಸಿದ್ಧಾರೂಢರ ಫೋಟೋ, ಯೇಸುಸ್ವಾಮಿಯ ಫೋಟೋ. ಇವರಲ್ಲಿ ನಿಜವಾಗಿ ಕ್ಯಾಮೆರಾದ ಮುಂದೆ ಕುಳಿತವರು 1929ರಲ್ಲಿ ದೇಹ ಬಿಟ್ಟ ಸಿದ್ಧಾರೂಢರೊಬ್ಬರೇ. ಉಳಿದ ಮುಖಗಳು ನಮ್ಮ ಮನೆಗೆ ಬಂದ ದಾರಿ ಬೇರೆ. ಆ ದಾರಿ ಒಂದು ಕಲ್ಲಿನಿಂದ ಹೊರಟಿತು.

ಅದಕ್ಕೂ ಮೊದಲು ಸಾಮಾನ್ಯ ಜನರ ಕೈಗೆ ಸಿಗುತ್ತಿದ್ದ ಮುಖ ಯಾವುದು? ಶುಭಸಂದೇಶದಲ್ಲಿ ಉತ್ತರವಿದೆ. ತೆರಿಗೆಯ ವಿಷಯದಲ್ಲಿ ತನ್ನನ್ನು ಸಿಕ್ಕಿಸಲು ಬಂದವರಿಂದ ಯೇಸು ಒಂದು ನಾಣ್ಯ ತರಿಸಿ, ಇದರ ಮೇಲಿನ ಮುಖ ಯಾರದು ಎಂದು ಕೇಳುತ್ತಾರೆ. ಆ ಕಾಲದ ಬಡವನಿಗೆ ಸಿಗುತ್ತಿದ್ದ ಒಂದೇ ಒಂದು ಚಿತ್ರ ಚಕ್ರವರ್ತಿಯದು, ಅದೂ ತೆರಿಗೆ ಕಟ್ಟಲು. ನಮ್ಮ ಮುತ್ತಜ್ಜಂದಿರಿಗೂ ಹಾಗೆಯೇ. ವಿಕ್ಟೋರಿಯಾ ರಾಣಿಯ ರೂಪಾಯಿ ಮನೆಯಲ್ಲಿತ್ತು. ತಮ್ಮ ತಂದೆಯ ಮುಖ ಎಲ್ಲಿಯೂ ಇರಲಿಲ್ಲ. ಬಣ್ಣದಲ್ಲಿ ಮುಖ ಬರೆಸಿಕೊಳ್ಳುವುದು ಅರಸರಿಗೆ, ದೇಸಾಯರಿಗೆ, ಸಾಹೇಬರಿಗೆ ಮಾತ್ರ ಸಾಧ್ಯವಿತ್ತು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ನಮ್ಮ ಕಡೆಯ ಹೆಣ್ಣುಮಕ್ಕಳ ಪುತಳಿ ಸರ ನಿಮಗೆ ಗೊತ್ತು. ವೆನಿಸ್ ಗಣರಾಜ್ಯದ ಚಿನ್ನದ ನಾಣ್ಯ ಶತಮಾನಗಳ ಕಾಲ ಅರಬ್ಬೀ ಸಮುದ್ರದ ವ್ಯಾಪಾರದಲ್ಲಿ ಪಶ್ಚಿಮ ಭಾರತಕ್ಕೆ ಬರುತ್ತಿತ್ತು. ಅದರ ಮೇಲೆ ಗೊಂಬೆಗಳಂಥ ಆಕೃತಿಗಳಿದ್ದುದರಿಂದ ಜನ ಅದನ್ನು ಪುತಳಿ ಎಂದರು. ಒಂದು ಬದಿಗೆ ಮೊಳಕಾಲೂರಿದ ಅಲ್ಲಿಯ ಅಧಿಪತಿಗೆ ಸಂತ ಮಾರ್ಕರು ಧ್ವಜ ಕೊಡುತ್ತಿದ್ದಾರೆ. ಇನ್ನೊಂದು ಬದಿಗೆ ನಕ್ಷತ್ರಗಳ ನಡುವೆ ಆಶೀರ್ವದಿಸುತ್ತ ಕ್ರಿಸ್ತರು ನಿಂತಿದ್ದಾರೆ. ಇಂದು ಅಂಗಡಿಯಲ್ಲಿ ಸಿಗುವ ಪುತಳಿಗಳ ಮೇಲೆ ಬೇರೆ ಆಕೃತಿಗಳಿರಬಹುದು. ಆದರೆ ಆ ಸರದ ಹೆಸರು ಹುಟ್ಟಿದ್ದು ಆ ನಾಣ್ಯದಿಂದ. ಕ್ರಿಸ್ತರ ಹೆಸರನ್ನೇ ಕೇಳದ ಎಷ್ಟೋ ತಾಯಂದಿರು ಅವರ ಚಿತ್ರವನ್ನು ಎದೆಯ ಮೇಲೆ ಧರಿಸಿದ್ದರು ಎಂದು ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ. ಇರಲಿ, ಅದು ಚಿನ್ನ. ಬಡವರ ಮಾತಿಗೆ ಬರೋಣ.

ಅಲೋಯಿಸ್ ಸೆನೆಫೆಲ್ಡರ್ ಎಂಬಾತ 1771ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿ ಮ್ಯೂನಿಕ್‌ನಲ್ಲಿ ಬೆಳೆದವನು. ತಂದೆ ನಾಟಕದ ನಟ. ಮಗ ನಾಟಕ ಬರೆಯುತ್ತಿದ್ದ. ಅಚ್ಚು ಹಾಕಿಸಲು ಹಣವಿರಲಿಲ್ಲ. ತಾನೇ ಅಚ್ಚು ಹಾಕುವ ಹುಚ್ಚಿಗೆ ಬಿದ್ದು, ಬವೇರಿಯಾದ ಸೊಲ್ನ್‌ಹೋಫನ್ ಎಂಬಲ್ಲಿ ಸಿಗುವ ನುಣುಪಾದ ಸುಣ್ಣಕಲ್ಲಿನ ಮೇಲೆ ಪ್ರಯೋಗ ನಡೆಸಿದ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಫರಸಿಯ ಜಾತಿಯದೇ ಕಲ್ಲು, ಆದರೆ ಬಹಳ ನಯ. 1796ರಲ್ಲಿ ಒಂದು ದಿನ ಬಟ್ಟೆ ಒಗೆಯುವಾಕೆ ಬಾಗಿಲಲ್ಲಿ ಕಾಯುತ್ತಿದ್ದಳು. ಬಟ್ಟೆಯ ಲೆಕ್ಕ ಬರೆದಿಡಲು ಮನೆಯಲ್ಲಿ ಒಂದು ಚೂರು ಕಾಗದವಿಲ್ಲ. ಮೇಣ, ಸಾಬೂನು, ದೀಪದ ಕಾಡಿಗೆ ಬೆರೆಸಿ ತಾನು ಮಾಡಿಕೊಂಡಿದ್ದ ಮಸಿಯಿಂದ ಆ ಲೆಕ್ಕವನ್ನು ಕಲ್ಲಿನ ಮೇಲೆಯೇ ಬರೆದ. ಇದನ್ನು ಮುಂದೆ ಅವನೇ ಹೇಳಿಕೊಂಡಿದ್ದಾನೆ. ಅಲ್ಲಿಂದ ಎರಡು ವರ್ಷದ ಹೊತ್ತಿಗೆ ಕಲ್ಲಚ್ಚಿನ ಗುಟ್ಟು ಅವನ ಕೈಗೆ ಸಿಕ್ಕಿತ್ತು.

ಗುಟ್ಟು ಅಡಿಗೆಮನೆಯದೇ. ಜಿಡ್ಡು ಹತ್ತಿದ ತಾಟಿನ ಮೇಲೆ ನೀರು ಹರಡುವುದಿಲ್ಲ. ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ ಚಿತ್ರ ಬರೆಯುತ್ತಾರೆ. ಅರಬ್ಬೀ ಗೋಂದಿಗೆ ತುಸು ಆಮ್ಲ ಬೆರೆಸಿ ಬಳಿಯುತ್ತಾರೆ. ನೀರು ಸವರಿದರೆ ಚಿತ್ರವಿಲ್ಲದ ಜಾಗ ನೀರು ಹಿಡಿಯುತ್ತದೆ, ಚಿತ್ರ ಹಿಡಿಯುವುದಿಲ್ಲ. ಆಗ ಎಣ್ಣೆಮಸಿಯ ರೋಲರ್ ಉರುಳಿಸಿದರೆ ಮಸಿ ಚಿತ್ರಕ್ಕೆ ಮಾತ್ರ ಅಂಟುತ್ತದೆ. ಕಾಗದ ಇಟ್ಟು ಒತ್ತಿದರೆ ಮುಗಿಯಿತು. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ; ಆದ್ದರಿಂದ ಬರೆಯುವಾಗಲೇ ತಿರುವಿ ಬರೆಯಬೇಕು. ಬಣ್ಣ ಬೇಕೆಂದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು: ಕೆನ್ನೆಯ ಗುಲಾಬಿಗೆ ಒಂದು, ನಿಲುವಂಗಿಯ ಕೆಂಪಿಗೆ ಒಂದು, ಆಕಾಶದ ನೀಲಿಗೆ ಒಂದು. ಒಂದೇ ಕಾಗದ ಹತ್ತು ಹನ್ನೆರಡು ಸಲ ಯಂತ್ರದೊಳಗೆ ಹೋಗಿ ಬರಬೇಕು, ಕೂದಲೆಳೆಯಷ್ಟೂ ಸರಿಯದೆ. ತಾಮ್ರದ ಹಾಳೆಯ ಮೇಲೆ ಕೊರೆದ ಚಿತ್ರ ಒತ್ತಿ ಒತ್ತಿ ಸವೆಯುತ್ತದೆ, ಕೊರೆಯಲು ತಿಂಗಳುಗಟ್ಟಲೆ ಬೇಕು. ಕಲ್ಲಿನಿಂದ ಸಾವಿರಾರು ಪ್ರತಿ ತೆಗೆಯಬಹುದು. ಕೆಲಸ ಮುಗಿದ ಮೇಲೆ ಉಜ್ಜಿ ಬೇರೆ ಚಿತ್ರ ಬರೆಯಬಹುದು. ಚಿತ್ರ ಅಗ್ಗವಾದದ್ದು ಹೀಗೆ.

ಈ ವಿದ್ಯೆ 1822ರಲ್ಲಿ ಕಲ್ಕತ್ತೆಗೆ ಬಂತು. ಎರಡು ವರ್ಷದ ನಂತರ, 1824ರ ಅಕ್ಟೋಬರ್ 23ರಂದು, ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸಾಹೇಬ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ತೀರಿಕೊಂಡಳು. ಸಮಾಧಿ ಅಲ್ಲಿಯೇ ಇದೆ. ಆಕೆಯ ಮುಖ ಹೇಗಿತ್ತು? ಇಂದು ನಮ್ಮ ಶಾಲೆಗಳಲ್ಲಿ, ವೃತ್ತಗಳಲ್ಲಿ ಕಾಣುವ ಮುಖ, ಕುದುರೆ, ಎತ್ತಿದ ಖಡ್ಗ, ಎಲ್ಲವೂ ಮುಂದಿನ ಕಲಾವಿದರು ಭಕ್ತಿಯಿಂದ ಕಲ್ಪಿಸಿಕೊಂಡದ್ದು. 1961ರ ಚಲನಚಿತ್ರ ಬಂದ ಮೇಲಂತೂ ಬಹಳ ಮಂದಿಗೆ ಚೆನ್ನಮ್ಮ ಎಂದರೆ ಬಿ. ಸರೋಜಾದೇವಿಯವರ ಮುಖವೇ. 2007ರಲ್ಲಿ ದೆಹಲಿಯ ಸಂಸತ್ತಿನ ಆವರಣದಲ್ಲಿ ಆಕೆಯ ಪ್ರತಿಮೆ ನಿಂತಿತು. ಸಂಗೊಳ್ಳಿ ರಾಯಣ್ಣನದೂ ಇದೇ ಕಥೆ. ಚಿತ್ರ ಅಗ್ಗವಾಗುವ ಯಂತ್ರ ದೇಶಕ್ಕೆ ಬಂದಿತ್ತು, ಆದರೆ ಅದು ಗೆದ್ದವರ ಕೈಯಲ್ಲಿತ್ತು. ನಮ್ಮ ಜನ ತಮ್ಮ ರಾಣಿಯನ್ನು ಲಾವಣಿಯಲ್ಲಿ ಉಳಿಸಿಕೊಂಡರು. ಕಾಗದದಲ್ಲಿ ಉಳಿಸಿಕೊಳ್ಳಲು ಬಹಳ ಕಾಲ ಕಾಯಬೇಕಾಯಿತು.

ಕನ್ನಡಕ್ಕೆ ಕಲ್ಲಚ್ಚು ಬಂದದ್ದು ಮಿಷನರಿಗಳ ಮೂಲಕ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದರು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿಯೇ ಮುದ್ರಣವಾಯಿತು. ಅವರು ಪ್ರಾಟೆಸ್ಟಂಟರು, ನಾವು ಕಥೋಲಿಕರು. ಆ ಕಾಲದಲ್ಲಿ ನಮ್ಮ ನಡುವೆ ಮಾತಿಗಿಂತ ವಾದವೇ ಹೆಚ್ಚಿತ್ತು ಎಂಬುದು ನಿಜ. ಆದರೂ ಕನ್ನಡ ಓದುವ ಪ್ರತಿಯೊಬ್ಬ ಕ್ರೈಸ್ತನೂ ಅವರಿಗೆ ಋಣಿ ಎಂದು ಹೇಳಲು ನನಗೆ ಸಂಕೋಚವಿಲ್ಲ.

ನಮ್ಮ ಈ ನಾಲ್ಕು ಊರುಗಳಿಗೆ ಚಿತ್ರಗಳು ಬಂದದ್ದು ಮಂಗಳೂರಿನಿಂದಲ್ಲ, ಉತ್ತರದಿಂದ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿತ್ತು. ಪುಣೆಯಲ್ಲಿ 1878ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರ ಮತ್ತು ಗೆಳೆಯರು ಚಿತ್ರಶಾಲಾ ಮುದ್ರಣಾಲಯ ಆರಂಭಿಸಿ ದೇವರ ಚಿತ್ರಗಳನ್ನೂ ಮರಾಠಾ ವೀರರ, ಮುತ್ಸದ್ದಿಗಳ ಚಿತ್ರಗಳನ್ನೂ ಬಣ್ಣದ ಕಲ್ಲಚ್ಚಿನಲ್ಲಿ ಮಾರತೊಡಗಿದರು. 1880ರ ದಶಕದ ಕೊನೆಗೆ ಬೆಳಗಾವಿಗೆ ರೈಲು ಬಂತು. ರೈಲಿನಿಂದ ಇಳಿದ ಮಾಲು ಚಕ್ಕಡಿಯಲ್ಲಿ ಸಂತೆ, ಜಾತ್ರೆಗಳ ದಾರಿ ಹಿಡಿಯಿತು. ಚಿತ್ರ ಮಾರುವವನಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡದ ಹುಣ್ಣಿಮೆಗಿಂತ ದೊಡ್ಡ ಪೇಟೆ ಎಲ್ಲಿ ಸಿಕ್ಕೀತು?

1894ರಲ್ಲಿ ರಾಜಾ ರವಿವರ್ಮ ಮುಂಬಯಿಯ ಗಿರಗಾಂವದಲ್ಲಿ ತಮ್ಮದೇ ಮುದ್ರಣಾಲಯ ತೆರೆದರು. ಯಂತ್ರಗಳು ಜರ್ಮನಿಯವು, ಕುಶಲಕರ್ಮಿಗಳೂ ಜರ್ಮನರು. ಅರಮನೆಗಳಿಗೆ ಚಿತ್ರ ಬರೆದ ಕೈ ಅದು. ಮೈಸೂರು ಅರಸರಿಗೂ ಬರೆದುಕೊಟ್ಟದ್ದು. ಅದೇ ಕೈಯ ಲಕ್ಷ್ಮಿ, ಸರಸ್ವತಿ ಈಗ ಅಗ್ಗದ ಕಾಗದದ ಮೇಲೆ ಹೊರಟರು. ಮುಂಬಯಿಗೆ ಪ್ಲೇಗ್ ಬಂತು, ಸಾಲ ಬೆಳೆಯಿತು. ಮುದ್ರಣಾಲಯ ಲೋನಾವಳದ ಹತ್ತಿರದ ಮಳವಳಿಗೆ ಹೋಯಿತು. ಕೊನೆಗೆ ಅಲ್ಲಿಯ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್ ಅದನ್ನು ಕೊಂಡುಕೊಂಡ. ರವಿವರ್ಮರು 1906ರಲ್ಲಿ ತೀರಿಕೊಂಡರೂ ಚಿತ್ರಗಳು ನಿಲ್ಲಲಿಲ್ಲ. 1972ರಲ್ಲಿ ಬೆಂಕಿ ಬಿದ್ದು ಆ ಮುದ್ರಣಾಲಯ ಸುಟ್ಟುಹೋಯಿತು.

ಈ ಚಿತ್ರಗಳನ್ನು ‘ಕ್ಯಾಲೆಂಡರ್ ಕಲೆ’ ಎಂದು ಮೂಗು ಮುರಿಯುವವರಿದ್ದಾರೆ. ಗುರುಮಠದಲ್ಲಿ ಓದುವಾಗ ನಾನೂ ಮುರಿದಿದ್ದೇನೆ. ಈಗ ಹಾಗೆ ಅನ್ನಿಸುವುದಿಲ್ಲ. ಗುಡಿಯ ಹೊಸ್ತಿಲು ತುಳಿಯಲು ಬಿಡದಿದ್ದ ಜನರ ಗುಡಿಸಲಿಗೆ ದೇವರ ಮುಖ ತಾನಾಗಿ ನಡೆದು ಬಂದದ್ದು ಈ ಕಾಗದದ ಮೇಲೆ. ಅದಕ್ಕೆ ಪೂಜಾರಿಯ ಅಪ್ಪಣೆ ಬೇಕಿರಲಿಲ್ಲ. ಎಷ್ಟೋ ಮನೆಗಳಲ್ಲಿ ಕೊಳ್ಳುವ ಕೆಲಸವೂ ಇರಲಿಲ್ಲ: ಇಂಗ್ಲೆಂಡಿನ ಗಿರಣಿಗಳ ಬಟ್ಟೆಯ ಥಾನಿನ ಮೇಲೆ ಅಂಟಿಸಿ ಬರುತ್ತಿದ್ದ ಬಣ್ಣದ ಚೀಟಿ, ಕಡ್ಡಿಪೆಟ್ಟಿಗೆಯ ಚೀಟಿ, ಅಂಗಡಿಯವ ಪುಕ್ಕಟೆ ಕೊಟ್ಟ ಕ್ಯಾಲೆಂಡರ್, ಇವೇ ಗೋಡೆಗೆ ಏರುತ್ತಿದ್ದವು. ಶಿವಕಾಶಿಯ ಕಥೆಯೂ ಇಲ್ಲಿಂದಲೇ. 1920ರ ದಶಕದಲ್ಲಿ ಅಲ್ಲಿಯ ಇಬ್ಬರು ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ಮಾಡುವುದನ್ನು ಕಲಿತು ಬಂದರು. ಪೆಟ್ಟಿಗೆಗೆ ಚೀಟಿ ಬೇಕಾಯಿತು, ಚೀಟಿಗೆ ಅಚ್ಚು ಬೇಕಾಯಿತು, ಕಡೆಗೆ ಇಡೀ ದೇಶದ ಕ್ಯಾಲೆಂಡರ್ ಅಲ್ಲಿ ಅಚ್ಚಾಗತೊಡಗಿತು. ಕಲ್ಲಿನ ಜಾಗಕ್ಕೆ ಲೋಹದ ಹಾಳೆ, ಆಫ್‌ಸೆಟ್ ಬಂದವು. ನೀರು-ಜಿಡ್ಡಿನ ಗುಟ್ಟು ಮಾತ್ರ ಅದೇ ಉಳಿಯಿತು.

ಹಾಗಾದರೆ ಆ ಹುಡುಗ ಕೇಳಿದ ಯೇಸುಸ್ವಾಮಿಯ ಫೋಟೋ?

ಒಂದು ಕೈಯಲ್ಲಿ ಉರಿಯುವ ಹೃದಯ ಹಿಡಿದು ನಮ್ಮ ಕಡೆ ನೋಡುವ ಆ ಮುಖವನ್ನು 1760ರ ದಶಕದಲ್ಲಿ ಬರೆದವನು ಪೊಂಪೆಯೊ ಬಾತೋನಿ ಎಂಬ ಇಟಲಿಯ ಚಿತ್ರಕಾರ. ಮೂಲ ರೋಮ್‌ನ ಜೆಸು ದೇವಾಲಯದಲ್ಲಿದೆ. ಸಂತ ಮಾರ್ಗರೆಟ್ ಮೇರಿಗೆ 1673ರಿಂದ 1675ರವರೆಗೆ ಫ್ರಾನ್ಸಿನ ಪಾರೆ-ಲ-ಮೋನಿಯಾಲ್ ಮಠದಲ್ಲಿ ಆದ ದರ್ಶನಗಳ ಭಕ್ತಿ ಅದು. ತನ್ನ ಹೃದಯದ ಚಿತ್ರವಿಟ್ಟು ಗೌರವಿಸುವ ಮನೆಯನ್ನು ಆಶೀರ್ವದಿಸುವೆನೆಂಬ ವಾಗ್ದಾನವೂ ಆ ಭಕ್ತಿಯ ಜೊತೆಗೇ ಬಂದದ್ದು. ಮೂಲಚಿತ್ರವನ್ನು ನೋಡಲು ರೋಮ್‌ಗೆ ಹೋಗಬೇಕು. ಮನೆಮನೆಗೆ ಚಿತ್ರವಿಡಿ ಎಂದರೆ ಬಡವ ಎಲ್ಲಿಂದ ತಂದಾನು? ಕಲ್ಲಚ್ಚು ಬರುವವರೆಗೆ ಆ ವಾಗ್ದಾನ ಹೆಚ್ಚುಕಡಿಮೆ ಶ್ರೀಮಂತರದೇ ಆಗಿತ್ತು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿ, ಫ್ರಾನ್ಸ್, ಇಟಲಿಗಳ ಮುದ್ರಣಾಲಯಗಳು ಬಣ್ಣದ ಪವಿತ್ರ ಚಿತ್ರಗಳನ್ನು ರಾಶಿ ರಾಶಿಯಾಗಿ ಒತ್ತಿದವು. 1882ರಲ್ಲಿ ಅಮೆರಿಕದ ಡೇಟನ್ ಊರಿನ ಫಿಲಿಪ್ ಕೆಂಪರ್ ಎಂಬ ವ್ಯಾಪಾರಿ ಪವಿತ್ರ ಹೃದಯದ ಹನ್ನೆರಡು ವಾಗ್ದಾನಗಳ ಚೀಟಿಯನ್ನು ಇನ್ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಅಚ್ಚು ಹಾಕಿಸಿ ಲೋಕಕ್ಕೆಲ್ಲ ಹಂಚಿದ. 1899ರಲ್ಲಿ ಹದಿಮೂರನೇ ಲಿಯೋ ಜಗದ್ಗುರುಗಳು ಮನುಕುಲವನ್ನೇ ಪವಿತ್ರ ಹೃದಯಕ್ಕೆ ಸಮರ್ಪಿಸಿದರು. 1907ರಿಂದ ಫಾದರ್ ಮತೆಯೊ ಕ್ರಾಲಿ-ಬೋವೆ ಮನೆಗಳಲ್ಲಿ ಪವಿತ್ರ ಹೃದಯದ ಪ್ರತಿಷ್ಠಾಪನೆಯ ಆಂದೋಲನ ಹಬ್ಬಿಸಿದರು. ಇಂದು ನಾವು ಮನೆ ಆಶೀರ್ವಾದದ ದಿನ ಮಾಡುವ ವಿಧಿಯ ಬೇರು ಅಲ್ಲಿದೆ. ನಿತ್ಯ ಸಹಾಯ ಮಾತೆಯ ಚಿತ್ರವೂ ಹೀಗೆಯೇ ಲೋಕ ಸುತ್ತಿತು. 1866ರಲ್ಲಿ ಒಂಬತ್ತನೇ ಪಿಯುಸರು ಅದನ್ನು ರಕ್ಷಕ ಸಭೆಯವರಿಗೆ ಒಪ್ಪಿಸಿ ಲೋಕಕ್ಕೆಲ್ಲ ಪರಿಚಯಿಸಿರಿ ಎಂದರು.

ನಮ್ಮ ಬೆಳಗಾವಿ ಧರ್ಮಪ್ರಾಂತ್ಯ ಆದದ್ದು 1953ರಲ್ಲಿ. ಅದಕ್ಕೆ ಮೊದಲು ನಾವು ಗೋವಾದವರು. ಗೋವಾಕ್ಕೆ ಬಂದದ್ದು ನಮಗೂ ಬಂತು. ಬಂದ ಮುಖ ಯೂರೋಪಿನದು: ಬಿಳಿ ಮೈ, ಕಂದು ಕೂದಲು. ಇದು ನನಗೆ ಸ್ವಲ್ಪ ನೋವಿನ ವಿಷಯ. ಗೋವಾದಲ್ಲಿ 1902ರಲ್ಲಿ ಹುಟ್ಟಿ ಶಾಂತಿನಿಕೇತನದಲ್ಲಿ ಕಲಿತ ಆಂಜೆಲೊ ದ ಫೊನ್ಸೆಕ ಎಂಬ ಕಥೋಲಿಕ ಕಲಾವಿದರು ಮಾತೆ ಮರಿಯಮ್ಮನಿಗೆ ಸೀರೆ ಉಡಿಸಿ ಬರೆದರು. ಗೋವಾದಲ್ಲಿ ವಿರೋಧ ಬಂತು. ಪುಣೆಯಲ್ಲಿ ನೆಲೆಸಿ 1967ರಲ್ಲಿ ತೀರಿಕೊಂಡರು. ಬೆಂಗಳೂರಿನ ಬಳಿಯ ಸಿಲ್ವೇಪುರದ ಜ್ಯೋತಿ ಸಾಹಿಯವರೂ ಆ ದಾರಿಯಲ್ಲಿ ನಡೆದವರು. ಇವರ ಚಿತ್ರಗಳು ಪುಸ್ತಕಗಳಿಗೆ, ಆಶ್ರಮಗಳಿಗೆ ಹೋದವು. ಜಾತ್ರೆಯ ಅಂಗಡಿಯಲ್ಲಿ ಸಿಕ್ಕದ್ದು ಮಾತ್ರ ಬಾತೋನಿಯ ನಕಲಿನ ನಕಲು. ಅಗ್ಗದ ಅಚ್ಚು ಎಲ್ಲರಿಗೂ ಒಂದು ಮುಖ ಕೊಟ್ಟಿತು ನಿಜ. ಎಲ್ಲರಿಗೂ ಒಂದೇ ಮುಖ ಕೊಟ್ಟಿತು ಎಂಬುದೂ ಅಷ್ಟೇ ನಿಜ.

ನಿಜವಾದ ಫೋಟೋ ಇದ್ದರೂ ಜನ ಬರೆದ ಚಿತ್ರವನ್ನೇ ಬಯಸುತ್ತಾರೆ, ಅದೂ ಒಂದು ಸೋಜಿಗ. ಲಿಸ್ಯೂವಿನ ಸಂತ ತೆರೇಸಳ ಅಕ್ಕ ಸೆಲೀನ್ ಮಠದೊಳಗೇ ಕ್ಯಾಮೆರಾದಿಂದ ಅವಳ ಚಿತ್ರ ತೆಗೆದಿದ್ದಳು. 1897ರಲ್ಲಿ ತೆರೇಸ ತೀರಿಕೊಂಡ ಮೇಲೆ ಲೋಕಕ್ಕೆಲ್ಲ ಹೋದದ್ದು ಆ ಫೋಟೋಗಳಲ್ಲ. ಅಕ್ಕನೇ ಮೃದುಗೊಳಿಸಿ ಬರೆದ ಚಿತ್ರಗಳು, ತಿದ್ದಿದ ಪ್ರತಿಗಳು. ತಿದ್ದದ ಫೋಟೋಗಳು ಪುಸ್ತಕವಾಗಿ ಹೊರಬಂದದ್ದು 1961ರಲ್ಲಿ, ಸಂತಪದವಿ ಸಿಕ್ಕು 36 ವರ್ಷ ಕಳೆದ ಮೇಲೆ. ಅವುಗಳಲ್ಲಿ ಗಟ್ಟಿಯಾದ ಗಲ್ಲದ, ದಣಿದ ಕಣ್ಣಿನ ಹುಡುಗಿಯೊಬ್ಬಳಿದ್ದಾಳೆ. ನನಗೆ ಅವಳೇ ಇಷ್ಟ.

‘ನೀವು ಕಾಗದಕ್ಕೆ ಕೈ ಮುಗಿಯುತ್ತೀರಾ’ ಎಂದು ಕೇಳುವವರಿಗೆ ಧರ್ಮಸಭೆ 787ರಲ್ಲಿ ನಿಸೇಯದ ಎರಡನೇ ಸಭೆಯಲ್ಲಿ, ಮತ್ತೆ 1563ರಲ್ಲಿ ತ್ರೆಂತ್ ಮಹಾಸಭೆಯಲ್ಲಿ ಉತ್ತರ ಕೊಟ್ಟಿದೆ: ಆರಾಧನೆ ದೇವರಿಗೆ ಮಾತ್ರ, ಚಿತ್ರಕ್ಕೆ ಕೊಟ್ಟ ಗೌರವ ಚಿತ್ರದಲ್ಲಿರುವವರಿಗೆ ಸಲ್ಲುತ್ತದೆ. ಫ್ರಾನ್ಸಿಸ್ ಜಗದ್ಗುರುಗಳು 2024ರ ಅಕ್ಟೋಬರಿನಲ್ಲಿ ಪವಿತ್ರ ಹೃದಯದ ಬಗ್ಗೆಯೇ ಒಂದು ವಿಶ್ವಪರಿಪತ್ರ ಬರೆದರು. ಇದನ್ನೆಲ್ಲ ನಾನು ಗುರುಮಠದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವನು. ಆದರೂ ಗುರುದೀಕ್ಷೆಯ ಹೊಸದರಲ್ಲಿ ಒಂದು ತಪ್ಪು ಮಾಡಿದೆ.

ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಮನೆ ಆಶೀರ್ವಾದಕ್ಕೆ ಹೋಗಿದ್ದೆ. ಗೋಡೆಯ ಮೇಲೆ ಪವಿತ್ರ ಹೃದಯದ ಹಳೆಯ ಚಿತ್ರ. ಕೆಂಪೆಲ್ಲ ಮಾಸಿ ಕಂದಾಗಿದೆ, ಒಂದು ಮೂಲೆಯನ್ನು ಗೆದ್ದಲು ತಿಂದಿದೆ, ಗಾಜು ಸೀಳಿದೆ. ನಾನು ಉತ್ಸಾಹದಿಂದ, "ಅಜ್ಜಿ, ಇದು ಹಾಳಾಗ್ಯದ. ಆಶೀರ್ವಾದ ಆದ ಚಿತ್ರ, ಎಲ್ಲಂದರಲ್ಲಿ ಒಗೀಬಾರದು, ಸುಟ್ಟು ಬೂದಿ ಹೂಳಬೇಕು. ನಾ ಹೊಸಾದು ತಂದೇನಿ" ಎಂದು ಹೊಳೆಯುವ ಹೊಸ ಚಿತ್ರ ಚೀಲದಿಂದ ತೆಗೆದೆ. ನಿಯಮ ಸರಿಯಾಗಿಯೇ ಇತ್ತು.

ಅಜ್ಜಿ ಚಿತ್ರಕ್ಕೆ ಬೆನ್ನು ಹಚ್ಚಿ ನಿಂತಳು. "ಬ್ಯಾಡ್ರಿ ಫಾದರ್. ನಮ್ಮ ಮನಿಯವರದು ಒಂದೂ ಫೋಟೋ ಇಲ್ರಿ. ಅವರನ್ನ ನೋಡಿದ ಕಣ್ಣಂದ್ರ ಈ ಮನ್ಯಾಗ ನನ್ನವು, ಮತ್ತ ಈ ಯೇಸಪ್ಪನವು. ನಂದೂ ಪೊರಿ ಬಂದೈತಿ" ಎಂದಳು.

ನನ್ನ ಚೀಲ ಮುಚ್ಚಿದೆ. ನವಿಲುತೀರ್ಥದ ಅಣೆಕಟ್ಟಿನ ನೀರು ಹಿಂದಿನ ಊರಿಗೆ ಬಂದಾಗ, ಕಾಳಿನ ಚೀಲದ ಜೊತೆ ಗಂಡ ಹೊತ್ತು ತಂದದ್ದು ಈ ಚಿತ್ರವೊಂದೇ ಎಂದು ಆಮೇಲೆ ತಿಳಿಯಿತು. ಗಾಜನ್ನಾದರೂ ಹಾಕಿಸಿಕೊಡುತ್ತೇನೆಂದು ಅವಳ ಮೊಮ್ಮಗನ ಜೊತೆ ಚಿತ್ರವನ್ನು ಪೇಟೆಯ ಕಟ್ಟು ಹಾಕುವ ಅಂಗಡಿಗೆ ಒಯ್ದೆ. ಅಂಗಡಿಯವ ತುಕ್ಕು ಹಿಡಿದ ಮೊಳೆ ಕಿತ್ತು ಹಿಂದಿನ ಹಲಗೆ ತೆಗೆದ. ಕಟ್ಟಿನೊಳಗೆ ಮುಚ್ಚಿಹೋಗಿದ್ದ ಕಾಗದದ ಅಂಚಿನಲ್ಲಿ ಜರ್ಮನ್ ಅಕ್ಷರಗಳಿದ್ದವು. ಆ ಹುಡುಗನ ಪ್ರಶ್ನೆಗೆ ನನಗೆ ಸಿಕ್ಕಿದ್ದ ಮೊದಲ ಉತ್ತರ ಅದೇ, ಆಗ ಗೊತ್ತಾಗಲಿಲ್ಲ ಅಷ್ಟೇ. ಹಲಗೆಯ ಒಳಮೈ ಮೇಲೆ ಪೆನ್ಸಿಲ್ಲಿನಲ್ಲಿ ಐದಾರು ಸಾಲು ಬರಹವಿತ್ತು: ಮಕ್ಕಳು ಹುಟ್ಟಿದ ತಾರೀಖುಗಳು, ದೀಕ್ಷಾಸ್ನಾನದ ತಾರೀಖುಗಳು. ಒಂದು ಸಾಲಿನಲ್ಲಿ ಹೆಸರಿರಲಿಲ್ಲ. ‘ಹೆಣ್ಣು ಕೂಸು, ಎರಡು ದಿನ’ ಎಂದಷ್ಟೇ ಇತ್ತು. ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಆ ಕೂಸು ಎಲ್ಲಿಯೂ ಇಲ್ಲ.

ಹಿಂದಿರುಗಿ ಬಂದು ಅಜ್ಜಿಗೆ ಓದಿ ಹೇಳಿದೆ. ಇದನ್ನು ಬರೆದವರು ಯಾರು ಎಂದು ಕೇಳಿದೆ.

"ನಮ್ಮ ಮನಿಯವರs ಇರಬೇಕ್ರಿ. ನನಗೆಲ್ಲಿ ಅಕ್ಷರ ಬರತಾವು" ಎಂದು ಹಲಗೆಯ ಮೇಲೆ ಕೈಯಾಡಿಸಿದಳು. ಇಷ್ಟು ವರ್ಷ ಅದು ಅಲ್ಲಿದೆ ಎಂದು ಅವಳಿಗೂ ತಿಳಿದಿರಲಿಲ್ಲ. ಹೊಸ ಗಾಜಿನ ಹಿಂದೆ ಹಳೆಯ ಚಿತ್ರ, ಅದರ ಹಿಂದೆ ಅದೇ ಹಲಗೆ ಇಟ್ಟು, ಮೊಮ್ಮಗನೂ ನಾನೂ ಸೇರಿ ಮೊಳೆ ಹೊಡೆದೆವು.